ಓದುಗನ ಪ್ರತಿ: ಪುಸ್ತಕದ ಆಕಾರವೂ ಮುಂಬಯಿ ಕನ್ನಡಿಗರ ವಾಚನಾಭಿರುಚಿಯೂ

1

ನಮ್ಮ ಸಂಘಗಳ ವಾಚನಾಲಯಗಳಲ್ಲಿ ಸಂಜೆಯ ಹೊತ್ತು ಸೇರುವ ಹಿರಿಯರ ನಡುವೆ ಮತ್ತೆ ಮತ್ತೆ ಏಳುವ ಚರ್ಚೆಯೊಂದುಂಟು. ಒಬ್ಬರಿಗೆ ಹೊಲಿಗೆ ಹಾಕಿದ ಗಟ್ಟಿ ರಟ್ಟಿನ ಪುಸ್ತಕವೇ ಪುಸ್ತಕ. ಇನ್ನೊಬ್ಬರಿಗೆ ಜೇಬಿನಲ್ಲಿ ಹಿಡಿಯುವ ಕಿರುಹೊತ್ತಗೆಯಾದರೆ ಸಾಕು. ಮೂರನೆಯವರು ಕಣ್ಣಿನ ಶಸ್ತ್ರಚಿಕಿತ್ಸೆಯಾದಂದಿನಿಂದ ಮೊಬೈಲಿನ ತೆರೆಯ ಮೇಲೆ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಿಕೊಂಡು ಓದುತ್ತಾರೆ. ಹಾಗೆ ಓದಿದ್ದೂ ಓದೇ ಎಂದು ವಾದಿಸುತ್ತಾರೆ. ಚರ್ಚೆ ಯಾವಾಗಲೂ ಒಂದೇ ರೀತಿ ಮುಗಿಯುತ್ತದೆ: ಅವರವರ ರುಚಿ ಅವರವರಿಗೆ ಎಂದು ಹೇಳಿ ಎಲ್ಲರೂ ಎದ್ದು ರೈಲಿನ ಹೊತ್ತಿಗೆ ಹೊರಡುತ್ತಾರೆ.

ಆದರೆ ರುಚಿಯೆಂಬುದು ಇತಿಹಾಸವಿಲ್ಲದ ವಸ್ತುವಲ್ಲ. ಯಾವ ಆಕಾರದ ಪುಸ್ತಕವನ್ನು ಯಾರು ಆರಿಸಿಕೊಂಡರೆಂಬುದನ್ನು ವಿಚಾರಿಸಿ ನೋಡಿದರೆ, ಅವರು ಎಲ್ಲಿ ಕುಳಿತು ಓದಿದರು, ಯಾರೊಡನೆ ಓದಿದರು, ಎಷ್ಟು ಬಿಡುವಿನಲ್ಲಿ ಓದಿದರು, ಓದಿದ ಮೇಲೆ ಪುಸ್ತಕವನ್ನು ಎಲ್ಲಿ ಇಟ್ಟರು ಎಂಬ ಸಂಗತಿಗಳೆಲ್ಲ ತಾವಾಗಿಯೇ ಹೊರಪಡುತ್ತವೆ. ನಮ್ಮ ಸಾಹಿತ್ಯಚರಿತ್ರೆಗಳು ಕವಿಯ ಕಾಲವನ್ನು ನಿರ್ಣಯಿಸುವುದರಲ್ಲಿಯೂ ಪಾಠವನ್ನು ಶೋಧಿಸುವುದರಲ್ಲಿಯೂ ಪಟ್ಟ ಶ್ರಮ ದೊಡ್ಡದು. ಓದುಗನ ಚರಿತ್ರೆಯನ್ನು ಬರೆಯುವ ಕೆಲಸ ಮಾತ್ರ ಇನ್ನೂ ಬಹಳಷ್ಟು ಉಳಿದಿದೆ. ಅದಕ್ಕೆ ಬೇಕಾದ ಸಾಕ್ಷ್ಯ ಪುಸ್ತಕದ ಒಳಗಿನ ಮಾತಿನಲ್ಲಿ ಸಿಕ್ಕುವುದಕ್ಕಿಂತ ಹೆಚ್ಚಾಗಿ ಅದರ ಅಳತೆ, ಕಾಗದ, ಹೊಲಿಗೆ, ಸವೆತಗಳಲ್ಲಿ ಸಿಕ್ಕುತ್ತದೆ. ಈ ನಗರದ ಕನ್ನಡಿಗರಾದ ನಾವು ಆ ಸಾಕ್ಷ್ಯವನ್ನು ಹೇಗೆ ಕಂಡಿದ್ದೇವೆ, ಹೇಗೆ ಕಳೆದುಕೊಳ್ಳುತ್ತಿದ್ದೇವೆ ಎಂಬುದೇ ಪ್ರಕೃತ ಲೇಖನದ ವಿಷಯ.

2

ಪುಸ್ತಕದ ಆಕಾರಗಳಲ್ಲಿ ಆಯ್ಕೆಯೆಂಬುದು ಮುದ್ರಣದೊಡನೆ ಹುಟ್ಟಿದ್ದಲ್ಲ. ಹಳೆಯ ಕಾಲದ ಕನ್ನಡಿಗನ ಮುಂದೆಯೂ ಬರೆಯುವುದಕ್ಕೆ ಹಲವು ಸಾಧನಗಳಿದ್ದವು. ಶ್ರೀತಾಳೆಯ ಗರಿಯನ್ನು ಹದಮಾಡಿ, ಕಂಠದಿಂದ ಕೊರೆದು, ಮಸಿ ಲೇಪಿಸಿ, ರಂಧ್ರದಲ್ಲಿ ದಾರ ಪೋಣಿಸಿ, ಮರದ ಹಲಗೆಗಳ ನಡುವೆ ಕಟ್ಟಿಟ್ಟದ್ದು ಓಲೆಯ ಗ್ರಂಥ. ಅದು ಬಾಳಿಕೆಗಾಗಿ ಮಾಡಿದ್ದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಚಿದ್ದು ಕಡತ. ಅದರ ಮೇಲೆ ಬಳಪದಿಂದ ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ವರ್ತಕನಿಗೂ ಶಾನುಭೋಗನಿಗೂ ಅದೇ ಅನುಕೂಲ. ಮೊದಲ ಕರಡಿಗೆ ಹಲಗೆ ಬಳಪಗಳಿದ್ದವು. ಕುಮಾರವ್ಯಾಸನು ತನ್ನ ಕಾವ್ಯದ ಪೀಠಿಕೆಯಲ್ಲಿ ತಾನು ಹಲಗೆ ಬಳಪವನ್ನು ಹಿಡಿಯಲಿಲ್ಲವೆಂದೂ ಬರೆದ ಪದವನ್ನು ಅಳಿಸಲಿಲ್ಲವೆಂದೂ ಹೆಮ್ಮೆಪಟ್ಟಿರುವುದು ವಾಚಕರಿಗೆ ತಿಳಿದೇ ಇದೆ. ಆ ಹೆಮ್ಮೆಗೆ ಅರ್ಥ ಬರಬೇಕಾದರೆ ಉಳಿದ ಕವಿಗಳು ಹಲಗೆಯಲ್ಲಿ ಬರೆದು, ತಿದ್ದಿ, ಆಮೇಲೆ ಓಲೆಗೆ ಇಳಿಸುತ್ತಿದ್ದರೆಂಬುದನ್ನು ಒಪ್ಪಬೇಕಾಗುತ್ತದೆ. ಕರಡಿಗೆ ಒಂದು ಸಾಧನ, ಲೆಕ್ಕಕ್ಕೆ ಇನ್ನೊಂದು, ಸಂಗ್ರಹಕ್ಕೆ ಮತ್ತೊಂದು ಎಂಬ ವಿವೇಕ ನಮ್ಮವರಿಗೆ ಆಗಲೇ ಇತ್ತು.

ಸಂಗ್ರಹಕ್ಕಾಗಿ ಮಾಡಿದ್ದೆಲ್ಲವೂ ಓದುವುದಕ್ಕೆ ಒದಗಿತೆಂದು ಹೇಳುವಂತಿಲ್ಲ. 10ನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ಪುಸ್ತಕಪ್ರಸಾರದ ಚರಿತ್ರೆಯಲ್ಲಿ ಮೊದಲ ದೊಡ್ಡ ಘಟನೆ. ಅವಳ ಉದ್ದೇಶ ಶಾಸ್ತ್ರದಾನ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲ ಗ್ರಂಥಗಳ ಓಲೆಗಳು ಯಾತ್ರಿಕರಿಗೆ ದರ್ಶನದ ವಸ್ತುಗಳಾಗಿದ್ದವು. ಹಳಗನ್ನಡ ಲಿಪಿಯ ಆ ಓಲೆಗಳಿಂದ ಪ್ರತಿಮಾಡಿದ ಪಾಠ ಅಚ್ಚಾಗತೊಡಗಿದ್ದು 1939ರಲ್ಲಿ. ಅಲ್ಲಿಯವರೆಗೆ ಕಂಡು ಕೈಮುಗಿದವರು ಎಷ್ಟೋ ಮಂದಿ, ಓದಿದವರು ಬೆರಳೆಣಿಕೆಯಷ್ಟು. ಗ್ರಂಥವನ್ನು ಪೂಜಿಸುವುದಕ್ಕೆ ತಕ್ಕ ಆಕಾರ ಒಂದು, ಓದುವುದಕ್ಕೆ ತಕ್ಕ ಆಕಾರ ಇನ್ನೊಂದು ಎಂಬ ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ. ಇದು ನಮ್ಮ ಕಾಲದ ಕಾಯಿದೆಯಲ್ಲಿಯೂ ಮತ್ತೆ ಕಾಣಿಸಿಕೊಳ್ಳಲಿದೆ.

3

ಮುದ್ರಣಯುಗಕ್ಕೆ ಬಂದರೆ, ಕನ್ನಡ ಪುಸ್ತಕದ ಆಕಾರಕ್ಕೂ ಮುಂಬಯಿ ನಗರಕ್ಕೂ ಇರುವ ನಂಟು ನಮ್ಮಲ್ಲಿ ಹಲವರು ಎಣಿಸಿರುವುದಕ್ಕಿಂತ ಹಳೆಯದು. ಅಚ್ಚಿನ ಮೊಳೆಗಳಿಂದ ಕನ್ನಡವನ್ನು ಮುದ್ರಿಸುವ ಕೆಲಸ ಬಂಗಾಳದ ಸೆರಾಂಪುರದಲ್ಲಿ ನಡೆದು, ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಹೊರಬಂದಿತ್ತು. ಆದರೂ ಮಂಗಳೂರಿನ ಬಾಸೆಲ್ ಮಿಷನ್ನಿನವರು 1841ರಲ್ಲಿ ತಮ್ಮ ಮುದ್ರಣಾಲಯವನ್ನು ತೆರೆದಾಗ ಆರಂಭಿಸಿದ್ದು ಮೊಳೆಗಳಿಂದಲ್ಲ, ಕಲ್ಲಚ್ಚಿನಿಂದ. ಆ ಕಲ್ಲಚ್ಚಿನ ಯಂತ್ರ ಹೋದದ್ದು ಮುಂಬಯಿಯಿಂದ; ಅದರೊಡನೆ ಕೆಲಸ ಬಲ್ಲ ಮರಾಠಿ ಮುದ್ರಕರೂ ಹೋದರು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗನು ಹೊರಡಿಸಿದ ಮಂಗಳೂರು ಸಮಾಚಾರವು, ಅಂದರೆ ಕನ್ನಡದ ಮೊದಲ ವೃತ್ತಪತ್ರಿಕೆಯು, ಕಲ್ಲಚ್ಚಿನಲ್ಲಿಯೇ ಅಚ್ಚಾದದ್ದು. 1848ರಿಂದ ಅವನು ಬಿಬ್ಲಿಯೊತೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ನಮ್ಮ ಗ್ರಂಥಗಳನ್ನು ಹೊರತಂದಾಗಲೂ ಅದೇ ವಿಧಾನವನ್ನು ಅನುಸರಿಸಿದನು.

ಕಲ್ಲಚ್ಚಿನ ವಿಶೇಷವೇನೆಂದರೆ, ಲಿಪಿಕಾರನು ಕೈಯಿಂದ ಬರೆದದ್ದೇ ಕಲ್ಲಿಗಿಳಿದು ಅಲ್ಲಿಂದ ಕಾಗದಕ್ಕೆ ಬರುತ್ತದೆ. ಮೊಳೆಗಳ ಕೊರತೆ ಈ ಆಯ್ಕೆಗೆ ಒಂದು ಕಾರಣವಾಗಿರಬಹುದು. ಆದರೆ ಫಲದ ದೃಷ್ಟಿಯಿಂದ ನೋಡಿದರೆ, ಓಲೆ ಮತ್ತು ಕೈಬರಹದ ಪ್ರತಿಗಳಲ್ಲಿ ಕಣ್ಣು ಪಳಗಿದ್ದ ಓದುಗನಿಗೆ ಹೊಸ ಪುಸ್ತಕ ಪರಕೀಯವಾಗಿ ತೋರಲಿಲ್ಲ. ಒತ್ತಕ್ಷರ ಎಲ್ಲಿ ಬರಬೇಕೋ ಅಲ್ಲಿಯೇ ಬಂತು. ಸಾಲು ಕೈಯ ಓಟವನ್ನೇ ಹಿಡಿಯಿತು. ಒಂದು ತಂತ್ರದಿಂದ ಇನ್ನೊಂದಕ್ಕೆ ದಾಟುವಾಗ ಓದುಗನು ಹಳೆಯದರ ರೂಪವನ್ನು ಹೊಸದರಲ್ಲಿ ಅರಸುತ್ತಾನೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಇಂದಿನ ಮೊಬೈಲಿನ ತೆರೆಯ ಮೇಲೆ ಪುಟ ಮಗುಚಿದಂತೆ ತೋರಿಸುವ ಏರ್ಪಾಡಿಗೂ ಇದೇ ಮೂಲ.

ಅದೇ ಕಾಲದಲ್ಲಿ ಮುಂಬಯಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯೊಂದು ಎದುರಾಗಿತ್ತು. ಅಮೆರಿಕನ್ ಮಿಷನ್ ಮುದ್ರಣಾಲಯದಲ್ಲಿ ಕೆಲಸ ಕಲಿತ ಗಣಪತ ಕೃಷ್ಣಾಜಿಯು ತನ್ನದೇ ಮುದ್ರಣಾಲಯವನ್ನು ಸ್ಥಾಪಿಸಿ 1831ರಲ್ಲಿ ಮರಾಠಿ ಪಂಚಾಂಗವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದನು. ಅಚ್ಚಿನ ಮಸಿಯಲ್ಲಿ ಪ್ರಾಣಿಗಳ ಕೊಬ್ಬು ಬೆರೆತಿರುತ್ತದೆಂಬ ಶಂಕೆಯಿಂದ ಮಡಿವಂತರು ಅಚ್ಚಾದ ಕಾಗದವನ್ನು ಮುಟ್ಟಲು ಅಂಜುತ್ತಿದ್ದರೆಂದು ಗೋವಿಂದ ನಾರಾಯಣ ಮಾಡಗಾಂವಕರರು 1863ರ ತಮ್ಮ ಮುಂಬಯಿ ವರ್ಣನೆಯಲ್ಲಿ ಹೇಳಿದ್ದಾರೆ. ಈ ಶಂಕೆಯ ನಿವಾರಣೆಗಾಗಿ ಗಣಪತ ಕೃಷ್ಣಾಜಿಯು ತುಪ್ಪ ಬೆರೆಸಿದ ಮಸಿಯನ್ನು ಬಳಸಿದನೆಂಬ ಮಾತು ಪ್ರಚಲಿತವಾಗಿದೆ. ಭಾರತದ ಮುದ್ರಣಚರಿತ್ರೆಯನ್ನು ಬರೆದ ಅ. ಕಾ. ಪ್ರಿಯೋಳಕರರ ಗ್ರಂಥವು (1958) ಈ ನಗರದ ಮುದ್ರಣದ ಆರಂಭಕಾಲವನ್ನು ತಿಳಿಯಬಯಸುವವರಿಗೆ ಇಂದಿಗೂ ಆಧಾರವಾಗಿದೆ.

ಇಲ್ಲಿ ಗಮನಿಸಬೇಕಾದ ಅಂಶವಿಷ್ಟೆ. ಮಡಿವಂತನು ಅಚ್ಚಿನ ಪಾಠವನ್ನು ನಿರಾಕರಿಸಲಿಲ್ಲ. ಅದು ಬಂದ ರೂಪವನ್ನು ನಿರಾಕರಿಸಿದನು. ಮುದ್ರಕನು ಈ ಮಾತನ್ನು ಅರಿತುಕೊಂಡನು. ಆದ್ದರಿಂದಲೇ ಪಾರಾಯಣದ ಗ್ರಂಥಗಳು ಅಚ್ಚಿನ ಯುಗದಲ್ಲಿಯೂ ಪೋಥಿಯ ಆಕಾರವನ್ನು ಬಿಡಲಿಲ್ಲ. ಅಡ್ಡಕ್ಕೆ ಉದ್ದವಾದ ಬಿಡಿಹಾಳೆಗಳು; ಬೆನ್ನಿಗೆ ಹೊಲಿಗೆಯಿಲ್ಲ, ಚರ್ಮದ ರಟ್ಟಿಲ್ಲ; ಓದಿದ ಹಾಳೆಯನ್ನು ಎತ್ತಿ ಮಗುಚಿ ಅತ್ತ ಇಡಬೇಕು; ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಕಟ್ಟಬೇಕು. ಜಾವಜಿ ದಾದಾಜಿಯವರು (1839-1892) ಸ್ಥಾಪಿಸಿದ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯವು ಒಂದು ಕಡೆ ಪಾರಾಯಣಕ್ಕೆ ಪೋಥಿಗಳನ್ನೂ, ಇನ್ನೊಂದು ಕಡೆ 1886ರಿಂದ ಕಾವ್ಯಮಾಲೆಯಂತಹ ಮಾಲೆಯಲ್ಲಿ ವಿದ್ವಾಂಸರಿಗೆ ಹೊಲಿದ ಪುಸ್ತಕಗಳನ್ನೂ ಹೊರತಂದದ್ದು ಈ ಅರಿವಿನ ಫಲ. ಎರಡೂ ಒಂದೇ ಊರಿನ ಅಚ್ಚು. ಆದರೆ ಒಂದನ್ನು ಮಣೆಯ ಮೇಲೆ ಮಡಿಯುಟ್ಟು ಓದುವವನಿಗಾಗಿ ಮಾಡಿತ್ತು, ಇನ್ನೊಂದನ್ನು ಮೇಜಿನ ಮುಂದೆ ಲೇಖನಿ ಹಿಡಿದು ಓದುವವನಿಗಾಗಿ. ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಯಿಂದ ಇಲ್ಲಿ ಬಂದು ನೆಲಸಿದ ಮನೆತನಗಳಲ್ಲಿ ಈ ಎರಡು ಬಗೆಗಳೂ ಒಂದೇ ಗೂಡಿನಲ್ಲಿ ಅಕ್ಕಪಕ್ಕ ಇದ್ದುದನ್ನು ನಮ್ಮಲ್ಲಿ ಹಿರಿಯರು ಕಂಡಿರುತ್ತಾರೆ.

4

ಪುಸ್ತಕದ ಆಕಾರವನ್ನು ಸರಕಾರವೇ ದಾಖಲೆಮಾಡಿಟ್ಟ ಕಾಲವೊಂದಿತ್ತೆಂಬುದನ್ನು ಸಂಶೋಧಕರು ಇನ್ನಷ್ಟು ಬಳಸಿಕೊಳ್ಳಬೇಕಾಗಿದೆ. 1867ರ ಮುದ್ರಣಾಲಯ ಹಾಗೂ ಪುಸ್ತಕ ನೋಂದಣಿಯ ಕಾಯಿದೆಯ ಪ್ರಕಾರ, ಪ್ರಕಟವಾದ ಪ್ರತಿಯೊಂದು ಪುಸ್ತಕಕ್ಕೂ ಹೆಸರು, ಭಾಷೆ, ಕರ್ತೃ, ವಿಷಯ, ಮುದ್ರಕರು ಇವುಗಳೊಡನೆ ಪುಟಗಳ ಸಂಖ್ಯೆ, ಅಳತೆ, ಆವೃತ್ತಿ, ಪ್ರತಿಗಳ ಸಂಖ್ಯೆ, ಮೊಳೆಯಚ್ಚೋ ಕಲ್ಲಚ್ಚೋ ಎಂಬ ವಿವರ ಮತ್ತು ಬೆಲೆಯನ್ನು ಬರೆದಿಡಬೇಕಾಗಿತ್ತು. ಮೂರು ತಿಂಗಳಿಗೊಮ್ಮೆ ಆಯಾ ಪ್ರಾಂತದ ಗೆಜೆಟಿನಲ್ಲಿ ಆ ಪಟ್ಟಿ ಪ್ರಕಟವಾಗುತ್ತಿತ್ತು. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅಲ್ಲಿನ ಕನ್ನಡ ಪುಸ್ತಕಗಳು ಮುಂಬಯಿಯ ಪಟ್ಟಿಯಲ್ಲಿ ಸೇರಿದವು; ದಕ್ಷಿಣ ಕನ್ನಡದವು ಮದ್ರಾಸಿನ ಪಟ್ಟಿಯಲ್ಲಿ ಸೇರಿದವು.

ಈ ಪಟ್ಟಿಗಳನ್ನು ಸಾಮಾನ್ಯವಾಗಿ ಲೇಖಕರ ಹೆಸರನ್ನೂ ಪ್ರಕಟಣೆಯ ವರ್ಷವನ್ನೂ ಹುಡುಕುವುದಕ್ಕಾಗಿ ತೆರೆಯುತ್ತಾರೆ. ಅಳತೆ, ಪ್ರತಿಗಳ ಸಂಖ್ಯೆ, ಬೆಲೆ, ಅಚ್ಚಿನ ವಿಧಾನ ಎಂಬ ನಾಲ್ಕು ಅಂಕಣಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಬೇರೊಂದು ಚಿತ್ರ ಸಿಕ್ಕುತ್ತದೆ. ಯಾವ ಬಗೆಯ ಕೃತಿಗೆ ಯಾವ ಅಳತೆ ರೂಢಿಯಾಯಿತು, ಕಲ್ಲಚ್ಚನ್ನು ಯಾವ ವಿಷಯಗಳು ಹೆಚ್ಚು ಕಾಲ ಬಿಡಲಿಲ್ಲ, ಎಷ್ಟು ಆಣೆಯ ಪುಸ್ತಕ ಎಷ್ಟು ಪ್ರತಿಗಳಲ್ಲಿ ಹೊರಟಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿದೆ. ವಸಾಹತು ಸರಕಾರವು ಈ ಲೆಕ್ಕವನ್ನು ಇಟ್ಟದ್ದು ನಮ್ಮ ಓದಿನ ಮೇಲಿನ ಪ್ರೀತಿಯಿಂದಲ್ಲ, ಅದರ ಮೇಲೆ ಕಣ್ಣಿಡುವುದಕ್ಕಾಗಿ. ಆದರೆ ಲೆಕ್ಕ ಉಳಿದಿದೆ. ಅದನ್ನು ನಮ್ಮ ಕೆಲಸಕ್ಕೆ ಒದಗಿಸಿಕೊಳ್ಳಲು ಅಡ್ಡಿಯಿಲ್ಲ.

5

ಇನ್ನು ಈ ನಗರದ ಕನ್ನಡ ಓದುಗನ ಕಡೆಗೆ ಬರೋಣ. ಊರಿನಿಂದ ಹೊರಟವನು ತನ್ನ ಪೆಟ್ಟಿಗೆಯಲ್ಲಿ ಎಷ್ಟು ಪುಸ್ತಕ ತರಬಲ್ಲ? ಹೋಟೆಲಿನಲ್ಲಿ ದುಡಿದು, ಬಾಗಿಲು ಹಾಕಿದ ಮೇಲೆ ಅಲ್ಲಿಯೇ ಮಲಗಿ, ನಡುವೆ ರಾತ್ರಿಶಾಲೆಗೆ ಹೋಗಿ ಓದಿದ ಹುಡುಗರ ಒಂದು ತಲೆಮಾರೇ ಇಲ್ಲಿತ್ತು. ಗಿರಣಿಯ ಚಾಳಿನ ಒಂದು ಕೋಣೆಯಲ್ಲಿ ಹಲವು ಮಂದಿ ಕೂಡಿ ಇದ್ದವರುಂಟು. ಕಚೇರಿಯ ಗುಮಾಸ್ತನಾದವನಿಗೆ ಓದುವುದಕ್ಕೆ ಸಿಕ್ಕ ಬಿಡುವೆಂದರೆ ಉಪನಗರದ ರೈಲಿನಲ್ಲಿ ಒಂದು ಕೈಯಿಂದ ಹಿಡಿಕೆಯನ್ನು ಹಿಡಿದು ನಿಂತಿರುವ ಹೊತ್ತು. ಇಂತಹವರ ಅಭಿರುಚಿಯನ್ನು ಕೋಣೆಯ ಉದ್ದಗಲವೂ ದಿನದ ಗಂಟೆಗಳೂ ಮೊದಲೇ ಅರ್ಧ ನಿರ್ಣಯಿಸಿಬಿಟ್ಟಿದ್ದವು. ಮನೆಯ ಗೋಡೆಗೆ ಕಪಾಟು ಇಲ್ಲದವನು ಕ್ಯಾಲಿಕೋ ರಟ್ಟಿನ ಸಂಪುಟಗಳನ್ನು ಬಯಸಿದರೂ ಇಟ್ಟುಕೊಳ್ಳಲಾರ. ಅವನಿಗೆ ಒದಗಿದ್ದು ಕ್ರೌನ್ ಅಳತೆಯ, ಕಾಗದದ ಹೊದಿಕೆಯ, ಮಡಚಿ ಹಿಡಿದರೂ ತಾಳುವ ಹಗುರವಾದ ಪುಸ್ತಕ. ಅದೂ ಇಲ್ಲದವನಿಗೆ ಸಂಘದ ಗ್ರಂಥಾಲಯದಿಂದ ತಂದು ತಿರುಗಿ ಒಪ್ಪಿಸಬೇಕಾದ ಪುಸ್ತಕ.

ಆ ಕಾಲದ ಪ್ರಕಾಶಕರು ಇಂತಹ ಓದುಗನನ್ನು ಕಣ್ಣ ಮುಂದೆ ಇಟ್ಟುಕೊಂಡೇ ಕೆಲಸ ಮಾಡಿದರು. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಪದ್ಧತಿಯನ್ನು ಕನ್ನಡದಲ್ಲಿ ನೆಲೆಗೊಳಿಸಿತು. ಪುಸ್ತಕದ ಅಂಗಡಿಯಿಲ್ಲದ ಊರಿನವನಿಗೂ ಅಂಚೆಯ ಮೂಲಕ ಪುಸ್ತಕ ತಲುಪಬೇಕಾದರೆ ಅದರ ತೂಕ ಮಿತಿಯಲ್ಲಿರಬೇಕು. ಹೀಗೆ ಅಂಚೆಯ ದರವೂ ಪುಸ್ತಕದ ಆಕಾರವನ್ನು ತಿದ್ದುವ ಒಂದು ಶಕ್ತಿಯಾಯಿತು. 1958ರಲ್ಲಿ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಮೈಸೂರು ಸರಕಾರವು ಕುಮಾರವ್ಯಾಸ ಭಾರತದ ಜನಪ್ರಿಯ ಆವೃತ್ತಿಯನ್ನು ಸುಲಭ ಬೆಲೆಗೆ ಹೊರತಂದಿತು. ಅದೇ ವರ್ಷ ದೆಹಲಿಯಲ್ಲಿ ಹಿಂದ್ ಪಾಕೆಟ್ ಬುಕ್ಸ್ ಪ್ರಾರಂಭವಾಗಿ, ಇಂಗ್ಲೆಂಡಿನಲ್ಲಿ 1935ರಲ್ಲಿ ಪೆಂಗ್ವಿನ್ ಸಂಸ್ಥೆಯು ಹಾಕಿದ ದಾರಿಯನ್ನು ಹಿಂದಿಗೆ ತಂದಿತು. ಎರಡು ಯತ್ನಗಳಿಗೂ ಒಂದು ಮುಖ್ಯ ವ್ಯತ್ಯಾಸವಿತ್ತು. ಅಲ್ಲಿ ಪುಸ್ತಕ ಒಬ್ಬ ಪ್ರಯಾಣಿಕನ ಜೇಬಿಗಾಗಿ ಕಿರಿದಾಯಿತು. ಇಲ್ಲಿ ಭಾರತದ ಪುಸ್ತಕ ಒಂದು ಮನೆಯ, ಒಂದು ಕೂಟದ ಬಳಕೆಗಾಗಿ ಅಗ್ಗವಾಯಿತು.

ಕೂಟದ ಮಾತು ಬಂದುದರಿಂದ ಇನ್ನೆರಡು ರೂಪಗಳನ್ನು ಹೆಸರಿಸಲೇಬೇಕು. ಮೊದಲನೆಯದು ಯಕ್ಷಗಾನ ಪ್ರಸಂಗದ ಪುಸ್ತಕ. ಉಡುಪಿಯ ಪಾವಂಜೆ ಗುರುರಾವ್ ಅವರಂತಹ ಪ್ರಕಾಶಕರು ಹೊರತಂದ ಆ ತೆಳ್ಳನೆಯ ಪುಸ್ತಿಕೆಗಳು ಒಬ್ಬನೇ ಕುಳಿತು ಓದುವುದಕ್ಕಾಗಿ ಹುಟ್ಟಿದವಲ್ಲ. ಭಾಗವತನ ಮುಂದೆ ತೆರೆದಿಟ್ಟಿರಬೇಕು. ಪುಟ ತಾನಾಗಿ ಮುಚ್ಚಿಕೊಳ್ಳಬಾರದು. ತಾಳ ಹಿಡಿದ ಕೈಗೆ ಅಡ್ಡಿಯಾಗಬಾರದು. ಈ ನಗರದಲ್ಲಿ ತಾಳಮದ್ದಳೆ ನಡೆದಲ್ಲೆಲ್ಲ ಆ ಪುಸ್ತಿಕೆಗಳೂ ಇದ್ದವು. ಮೊಗವೀರ ಬಾಂಧವರ ಶ್ರೀಮದ್ಭಾರತ ಮಂಡಳಿಯು ತನ್ನ ಹೆಸರಿನಲ್ಲಿಯೇ ತೋರಿಸುವಂತೆ, ಭಾರತವನ್ನು ಕೂಡಿ ಕುಳಿತು ಓದಿಸಿ ಕೇಳುವ ವಾಡಿಕೆಯನ್ನು ಕಡಲತೀರದವರು ಈ ನಗರಕ್ಕೂ ತಂದರು. ಅಂತಹ ಓದಿಗೆ ವ್ಯಾಸಪೀಠದ ಮೇಲೆ ಅಗಲವಾಗಿ ತೆರೆದು ನಿಲ್ಲುವ ದೊಡ್ಡ ಅಕ್ಷರದ ಗ್ರಂಥವೇ ಆಗಬೇಕು.

ಎರಡನೆಯದು ಯಾವ ಪ್ರಕಾಶಕರ ಪಟ್ಟಿಯಲ್ಲಿಯೂ ಸಿಕ್ಕದ ಪುಸ್ತಕ. ವಾರಪತ್ರಿಕೆಗಳಲ್ಲಿ, ಮುಖ್ಯವಾಗಿ 1965ರಲ್ಲಿ ಸುಧಾ ಆರಂಭವಾದ ಮೇಲೆ, ಧಾರಾವಾಹಿಯಾಗಿ ಬಂದ ಕಾದಂಬರಿಗಳ ಹಾಳೆಗಳನ್ನು ವಾರವಾರವೂ ಕತ್ತರಿಸಿ, ಜೋಡಿಸಿ, ದಬ್ಬಳದಿಂದ ಹೊಲಿದು, ಕಂದು ಕಾಗದದ ಹೊದಿಕೆ ಹಾಕಿ ಇಟ್ಟ ಪುಸ್ತಕವದು. ಇದನ್ನು ಮಾಡಿದವರು ಬಹುಮಟ್ಟಿಗೆ ಹೆಂಗಸರು. ಒಂದು ಮನೆಯಲ್ಲಿ ಹೊಲಿದದ್ದು ಆ ಮಾಳಿಗೆಯ ಎಲ್ಲ ಕನ್ನಡ ಮನೆಗಳಿಗೂ ಹೋಗಿ ಬರುತ್ತಿತ್ತು. ಲೇಖಕನೂ ಪ್ರಕಾಶಕನೂ ಅರಿಯದ ಈ ಪುಸ್ತಕದಲ್ಲಿ ಓದುಗಳೇ ಆಕಾರವನ್ನು ನಿರ್ಮಿಸಿದ್ದಾಳೆ. ವಾಚನಾಭಿರುಚಿಗೆ ಇದಕ್ಕಿಂತ ನೇರವಾದ ದಾಖಲೆ ಬೇರೆ ಯಾವುದಿದೆ?

6

ಈಗ ಮೇಲೆ ಹೇಳಿದ ಕಾಯಿದೆಯ ವಿಷಯ. 1954ರ ಪುಸ್ತಕ ಒಪ್ಪಿಸುವಿಕೆಯ ಕಾಯಿದೆಯಂತೆ, ಭಾರತದಲ್ಲಿ ಪ್ರಕಟವಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನೂ ಪ್ರಕಾಶಕನು ಪ್ರಕಟಣೆಯಾದ 30 ದಿನಗಳೊಳಗೆ ತನ್ನದೇ ಖರ್ಚಿನಿಂದ ಕೊಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಮತ್ತೆ ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಒಪ್ಪಿಸಬೇಕು. ಆ ಮೂರರಲ್ಲಿ ಒಂದು ಮುಂಬಯಿಯ ಕೇಂದ್ರ ಗ್ರಂಥಾಲಯ. ಉಳಿದೆರಡು ಚೆನ್ನೈಯ ಕನ್ನೆಮರಾ ಗ್ರಂಥಾಲಯ ಮತ್ತು ದೆಹಲಿಯ ಪಬ್ಲಿಕ್ ಲೈಬ್ರರಿ. ಅಂದರೆ ಬೆಂಗಳೂರಿನಲ್ಲಾಗಲಿ ಪುತ್ತೂರಿನಲ್ಲಾಗಲಿ ಅಚ್ಚಾದ ಕನ್ನಡ ಪುಸ್ತಕ ಕಾಯಿದೆಯ ಬಲದಿಂದ ಬರಬೇಕಾದ ನಾಲ್ಕು ಸ್ಥಳಗಳಲ್ಲಿ ನಮ್ಮ ನಗರವೂ ಒಂದಾಗಿದೆ. ಆ ನಾಲ್ಕರಲ್ಲಿ ಯಾವುದೂ ಕರ್ನಾಟಕದಲ್ಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಆ ಕಾಯಿದೆಯಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ಭೇದವಿದೆ. ಕೊಲ್ಕತ್ತೆಗೆ ಹೋಗುವ ಪ್ರತಿಯು ಅತ್ಯುತ್ತಮ ಕಾಗದದ ಮೇಲೆ ಅಚ್ಚಾಗಿ, ಚಿತ್ರ ನಕಾಶೆಗಳೊಡನೆ ಪೂರ್ಣವಾಗಿ, ಹೊಲಿಗೆ ಅಥವಾ ರಟ್ಟು ಕಟ್ಟಿದ್ದಾಗಿರಬೇಕು. ಉಳಿದ ಮೂರು ಗ್ರಂಥಾಲಯಗಳಿಗೆ ಒಪ್ಪಿಸುವುದು ಮಾತ್ರ ಮಾರಾಟಕ್ಕಾಗಿ ಅತಿ ಹೆಚ್ಚು ಸಂಖ್ಯೆಯಲ್ಲಿ ಅಚ್ಚಾದ ಕಾಗದದ ಮೇಲಿನ, ಮಾರುವ ಸ್ಥಿತಿಯಲ್ಲಿಯೇ ಇರುವ ಪ್ರತಿಯಾಗಿರಬೇಕು. ಹೀಗೆ ಶ್ರೇಷ್ಠವಾದ ಪ್ರತಿ ಒಂದೆಡೆಗೂ ಸಾಮಾನ್ಯವಾದ ಪ್ರತಿ ಇನ್ನೊಂದೆಡೆಗೂ ಸಲ್ಲುವಂತೆ ಏರ್ಪಾಡಾಗಿದೆ. ಮೇಲ್ನೋಟಕ್ಕೆ ಇದು ಮುಂಬಯಿಗೆ ಆದ ಕೊರತೆಯಂತೆ ತೋರಬಹುದು. ಚರಿತ್ರಕಾರನ ದೃಷ್ಟಿಯಿಂದ ಇದೇ ಲಾಭ. ಜನರು ಕೊಂಡು, ಹಿಡಿದು, ಓದಿದ ಪುಸ್ತಕ ಯಾವ ಆಕಾರದಲ್ಲಿತ್ತೆಂಬುದನ್ನು ತಿಳಿಯಬೇಕಾದರೆ ನಮಗೆ ಬೇಕಾದದ್ದು ಸಾಮಾನ್ಯ ಪ್ರತಿಯೇ ಹೊರತು ವಿಶೇಷ ಪ್ರತಿಯಲ್ಲ. ಕಾಯಿದೆಯನ್ನು ರಚಿಸಿದವರು ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಓದುಗನ ಪ್ರತಿಯನ್ನು ಕಾಪಾಡುವ ಹೊಣೆ ಈ ನಗರದ ಪಾಲಿಗೆ ಬಂದಿದೆ.

ಈ ಹೊಣೆಯನ್ನು ಹೊತ್ತವು ಆ ಒಂದು ಗ್ರಂಥಾಲಯದ ಕಪಾಟುಗಳಷ್ಟೇ ಅಲ್ಲ. ಒಪ್ಪಿಸಿದ ಪ್ರತಿ ಓದುಗನ ಕೈ ಸೇರುವ ಮೊದಲಿನದು. ಅದರಲ್ಲಿ ಬಳಕೆಯ ಗುರುತಿಲ್ಲ. ಬಳಕೆಯ ಗುರುತುಳ್ಳ ಪುಸ್ತಕಗಳು ಇರುವುದು ಮಾಟುಂಗ, ಮಾಹಿಮ್, ವಡಾಲಗಳಿಂದ ಹಿಡಿದು ಡೊಂಬಿವಲಿ, ಮೀರಾ ರೋಡ್‌ಗಳವರೆಗೆ ಹರಡಿರುವ ಕನ್ನಡ ಸಂಘಗಳ, ಜಾತಿಸಂಸ್ಥೆಗಳ, ಶಾಲೆಗಳ ಗ್ರಂಥಭಂಡಾರಗಳಲ್ಲಿ ಮತ್ತು ನಮ್ಮ ಮನೆಗಳಲ್ಲಿ.

7

ಇಲ್ಲಿ ಈ ಲೇಖಕನು ತನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಉಪನಗರದ ಒಂದು ಹಳೆಯ ಕಟ್ಟಡದ ಪುನರ್ನಿರ್ಮಾಣಕ್ಕಾಗಿ ಅಲ್ಲಿದ್ದ ಪುಸ್ತಕಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಹೊಸ ಜಾಗ ಕಿರಿದು. ಎರಡೆರಡು ಪ್ರತಿಗಳಿದ್ದ ಪುಸ್ತಕಗಳಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಿಲೇವಾರಿ ಮಾಡಬೇಕೆಂದು ನಿಶ್ಚಯವಾಗಿ, ಆರಿಸುವ ಕೆಲಸಕ್ಕೆ ಕರೆದವರಲ್ಲಿ ನಾನೂ ಒಬ್ಬನಾಗಿದ್ದೆ. ನಾವು ಸಹಜವಾಗಿ ಗಟ್ಟಿ ರಟ್ಟಿನ, ಶುಭ್ರವಾದ ಪ್ರತಿಗಳನ್ನು ಉಳಿಸಿದೆವು. ಹೊದಿಕೆ ಹರಿದ, ಅಂಚಿನಲ್ಲಿ ಗೀಟೆಳೆದ ಪ್ರತಿಗಳು ರದ್ದಿಗೆ ಹೋದವು. ಹೋದವುಗಳಲ್ಲಿ ಕುಮಾರವ್ಯಾಸ ಭಾರತದ ಪ್ರತಿಯೊಂದಿತ್ತು. ಅದರ ಅಂಚಿನಲ್ಲಿ ಸೀಸದ ಕಡ್ಡಿಯಿಂದ ತಾರೀಕುಗಳನ್ನು ಬರೆದಿತ್ತು. ಯಾವ ದಿನದ ಓದು ಯಾವ ಪದ್ಯಕ್ಕೆ ನಿಂತಿತೆಂಬ ಗುರುತುಗಳು ಅವೆಂದು ನನಗೆ ಹೊಳೆದದ್ದು ಮನೆಗೆ ಬಂದು ಕುಳಿತ ಮೇಲೆ. ಮರುದಿನ ಹೋಗಿ ವಿಚಾರಿಸುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು. ಉಳಿಸಿದ ಶುಭ್ರವಾದ ಪ್ರತಿ ಇಂದಿಗೂ ಅಲ್ಲಿದೆ. ಅದನ್ನು ಯಾರೂ ಓದಿದ ಹಾಗೆ ಕಾಣಲಿಲ್ಲವಾದ್ದರಿಂದಲೇ ಅದು ಶುಭ್ರವಾಗಿತ್ತು. ಒಂದು ಕೂಟವು ವಾರವಾರವೂ ಸೇರಿ ಭಾರತವನ್ನು ಎಷ್ಟು ಕಾಲದಲ್ಲಿ ಓದಿ ಮುಗಿಸಿತೆಂಬುದಕ್ಕೆ ಇದ್ದ ಒಂದೇ ದಾಖಲೆಯನ್ನು, ಚರಿತ್ರೆಯಲ್ಲಿ ಆಸಕ್ತಿಯುಳ್ಳವರೆನಿಸಿಕೊಂಡ ನಾವೇ ಅಳಿಸಿಹಾಕಿದೆವು.

ಪಾಠ ಹೇಗೂ ಬೇರೆಡೆ ಸಿಕ್ಕುತ್ತದೆ ಎಂಬ ಸಮಾಧಾನ ಇಂತಹ ಸಂದರ್ಭಗಳಲ್ಲಿ ಕೇಳಿಬರುವುದುಂಟು. ಅದು ನಿಜವೇ. ಈ ಶತಮಾನದ ಆರಂಭದಿಂದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಮೊದಲಾದ ಯೋಜನೆಗಳಲ್ಲಿ ಅಸಂಖ್ಯ ಕನ್ನಡ ಪುಸ್ತಕಗಳು ಚಿತ್ರರೂಪಕ್ಕೆ ಬಂದಿವೆ. ಭಾಂಡುಪಿನಲ್ಲಿ ಕುಳಿತವನು ಬೆಂಗಳೂರಿಗೆ ಹೋಗದೆಯೇ ಹಳೆಯ ಗ್ರಂಥವನ್ನು ನೋಡಬಲ್ಲ. ಇದರ ಉಪಕಾರವನ್ನು ಹೊರನಾಡಿನವರಾದ ನಾವು ಮರೆಯಬಾರದು. ಹೊಸ ರೂಪಗಳ ಮೇಲೆ ಈ ಲೇಖಕನಿಗೆ ದ್ವೇಷವೂ ಇಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಸಂಸ್ಥೆಯು ಕಿಂಡಲ್ ಪುಸ್ತಕಗಳನ್ನು ಐದು ಭಾರತೀಯ ಭಾಷೆಗಳಿಗೆ ವಿಸ್ತರಿಸಿದಾಗ ಮರಾಠಿ, ಗುಜರಾತಿ, ತಮಿಳು, ಮಲಯಾಳಂ, ಹಿಂದಿಗಳಿದ್ದವು, ಕನ್ನಡವಿರಲಿಲ್ಲ. ಆಗ ನಮ್ಮ ನೆರೆಯ ಮರಾಠಿ ಓದುಗನಿಗೆ ದೊರೆತ ಆಯ್ಕೆ ನಮಗೆ ದೊರೆಯಲಿಲ್ಲವೆಂದು ಮರುಗಿದವರಲ್ಲಿ ನಾನೂ ಒಬ್ಬ. 2020ರಲ್ಲಿ ಕನ್ನಡಿಗರೇ ಮೈಲ್ಯಾಂಗ್ ಎಂಬ ಏರ್ಪಾಡನ್ನು ಮಾಡಿ ಮೊಬೈಲಿನಲ್ಲಿ ಕನ್ನಡ ಪುಸ್ತಕಗಳನ್ನು ಓದುವುದಕ್ಕೂ ಕೇಳುವುದಕ್ಕೂ ಒದಗಿಸಿದರು. ಕೇಳುವ ಪುಸ್ತಕವೆಂಬುದು ಹೊಸದೆಂದು ನಾವು ಎಣಿಸುತ್ತೇವೆ. ಗಮಕಿಯ ಬಾಯಿಂದ ಭಾರತವನ್ನು ಕೇಳಿದವನ ಮೊಮ್ಮಗನು ರೈಲಿನಲ್ಲಿ ಕಿವಿಗೆ ಯಂತ್ರವಿಟ್ಟುಕೊಂಡು ಕಾದಂಬರಿಯನ್ನು ಕೇಳುತ್ತಿದ್ದರೆ ಅದು ಹಳೆಯ ರುಚಿಯ ಮುಂದುವರಿಕೆಯೇ. ಕೂಟವೊಂದು ಕಳೆದುಹೋಗಿದೆ, ಅಷ್ಟೆ.

ಆದರೆ ಚಿತ್ರರೂಪದ ಪ್ರತಿಯಲ್ಲಿ ಪುಸ್ತಕದ ತೂಕ ಕಾಣಿಸುವುದಿಲ್ಲ, ದಬ್ಬಳದ ಹೊಲಿಗೆ ಕಾಣಿಸುವುದಿಲ್ಲ, ಅದು ಜೇಬಿಗೆ ಹಿಡಿಯುತ್ತಿತ್ತೇ ವ್ಯಾಸಪೀಠವನ್ನು ಬೇಡುತ್ತಿತ್ತೇ ಎಂಬುದು ತಿಳಿಯುವುದಿಲ್ಲ. ತೆರೆಯ ಮೇಲೆ ಪೋಥಿಯೂ ಪ್ರಸಂಗದ ಪುಸ್ತಿಕೆಯೂ ನಿಘಂಟೂ ಒಂದೇ ಅಳತೆಯವು. ಇದರೊಡನೆ ಇನ್ನೊಂದು ಬದಲಾವಣೆಯನ್ನೂ ಸೇರಿಸಿ ನೋಡಬೇಕು. 1867ರ ಕಾಯಿದೆಯ ಸ್ಥಾನದಲ್ಲಿ 2023ರಲ್ಲಿ ಅಂಗೀಕಾರವಾಗಿ 2024ರ ಮಾರ್ಚ್ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯು ನಿಯತಕಾಲಿಕಗಳಿಗೆ ಮಾತ್ರ ಸಂಬಂಧಿಸಿದ್ದು. ಪುಸ್ತಕಗಳು ಅದರ ವ್ಯಾಪ್ತಿಯಲ್ಲಿಲ್ಲ. ಪುಸ್ತಕದ ಅಳತೆ, ಪ್ರತಿಗಳ ಸಂಖ್ಯೆ, ಬೆಲೆಗಳನ್ನು ಬರೆದಿಡಬೇಕೆಂದು ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಕಾಯಿದೆಯಲ್ಲಿದ್ದ ವಿಧಿ ಹೀಗೆ ಕೊನೆಗೊಂಡಿತು. 1954ರ ಕಾಯಿದೆಯಾದರೋ ಅಚ್ಚಾದ ಪುಸ್ತಕವನ್ನು ಕುರಿತದ್ದು. ತೆರೆಯ ಮೇಲೆ ಮಾತ್ರ ಪ್ರಕಟವಾಗುವ ಪುಸ್ತಕವನ್ನು ಅದು ಕಾಣದು. ಇನ್ನು ಮುಂದೆ ಓದಿನ ರೂಪಗಳ ದಾಖಲೆಯನ್ನು ಇಡುವವರು ಯಾರು? ಸರಕಾರವು ಬಿಟ್ಟ ಕೆಲಸವನ್ನು ಸಂಘಗಳೇ ಕೈಗೆತ್ತಿಕೊಳ್ಳಬೇಕಾಗಿದೆ.

ಆದ್ದರಿಂದ ನಮ್ಮ ನಗರದ ಕನ್ನಡ ಸಂಸ್ಥೆಗಳ ಮುಂದೆ ಮೂರು ಸಲಹೆಗಳನ್ನು ಇಡಬಯಸುತ್ತೇನೆ. ಮೊದಲನೆಯದು: ಎರಡು ಪ್ರತಿಗಳಲ್ಲಿ ಒಂದನ್ನು ಬಿಡಲೇಬೇಕಾದಾಗ ಸವೆದ ಪ್ರತಿಯನ್ನು ಮೊದಲು ತೆರೆದು ನೋಡಬೇಕು, ಅದರಲ್ಲಿ ಗುರುತುಗಳಿದ್ದರೆ ಅದನ್ನೇ ಉಳಿಸಬೇಕು, ಶುಭ್ರವಾದ ಪ್ರತಿ ಬೇರೆಡೆ ಸಿಕ್ಕೀತು. ಎರಡನೆಯದು: ಗ್ರಂಥಾಲಯದ ಪಟ್ಟಿಯಲ್ಲಿ ಹೆಸರು, ಕರ್ತೃಗಳೊಡನೆ ಅಳತೆ, ಹೊದಿಕೆಯ ಬಗೆ, ಬೆಲೆ, ಒಳಗಿನ ಹೆಸರು ಗುರುತುಗಳಿಗೆ ಒಂದೊಂದು ಅಂಕಣವಿರಬೇಕು. ಮೂರನೆಯದು: ಮನೆಗಳಲ್ಲಿ ಹೊಲಿದಿಟ್ಟ ಧಾರಾವಾಹಿಗಳು ಎಲ್ಲಿಯಾದರೂ ಉಳಿದಿದ್ದರೆ ಅವನ್ನು ಕೇಳಿ ಪಡೆದು, ಹೊಲಿದವರ ಮಾತನ್ನೂ ಬರೆದುಕೊಳ್ಳಬೇಕು. ಅವರಲ್ಲಿ ಹಲವರಿಗೆ ಈಗ ಎಂಬತ್ತು ದಾಟಿದೆ. ಈ ಕೆಲಸವನ್ನು ಬಹುಕಾಲ ಮುಂದೂಡುವಂತಿಲ್ಲ.

ಸಂಜೆಯ ಚರ್ಚೆಯಲ್ಲಿ ಯಾವ ಆಕಾರದ ಪುಸ್ತಕ ಮೇಲೆಂಬುದು ಎಂದಿಗೂ ತೀರ್ಮಾನವಾಗದು, ಆಗಬೇಕಾಗಿಯೂ ಇಲ್ಲ. ಹಿರಿಯರು ತಮ್ಮ ತಮ್ಮ ಪಕ್ಷವನ್ನು ಹಿಡಿದು ವಾದಿಸುತ್ತಿರಲಿ. ಆದರೆ ಮುಂದಿನ ಸಲ ಯಾರಾದರೂ ತಮಗೆ ಪ್ರಿಯವಾದ ಪ್ರತಿಯನ್ನು ಕೈಯಲ್ಲಿ ಹಿಡಿದು ಹೊಗಳಿದಾಗ, ಅದನ್ನು ಎಲ್ಲಿ ಕೊಂಡಿರಿ, ಎಲ್ಲಿ ಕುಳಿತು ಓದಿದಿರಿ, ಯಾರಿಗೆಲ್ಲ ಓದಲು ಕೊಟ್ಟಿರಿ ಎಂದು ಪಕ್ಕದಲ್ಲಿರುವ ಒಬ್ಬರಾದರೂ ಕೇಳಿ, ಉತ್ತರವನ್ನು ಆ ಪುಸ್ತಕದ ಕೊನೆಯ ಖಾಲಿ ಹಾಳೆಯ ಮೇಲೆ ಬರೆದಿಡಲಿ.